ಒಳ್ಳೆಯ ಕಾರ್ಡು ಬಂದಾಗ

ಭವಿಷ್ಯ ಹೇಳಲು ನಾನು ಬಳಸುವ ಟ್ಯಾರೋ ಕಾರ್ಡುಗಳಲ್ಲಿ ಸೂರ್ಯನ ಚಿತ್ರದ್ದು ಬಂದದ್ದೇ ತಡ, ಶುಭ ಸೂಚನೆಯೆಂದು ನಾನು ನಕ್ಕೆ. ಎದುರಿಗೆ ಕುಳಿತಿದ್ದ ವಡ್ಡು ಗ್ರಾಮದ ಹುಡುಗಿಯ ಮುಖ ಬಿಳಿಚಿಕೊಂಡಿತು. ತಾಯಿಯ ಅಡುಗೆಯ ವಿಡಿಯೋಗಳಿಂದ ಹೆಸರಾದವಳು ಅವಳು. ಪಾಲುದಾರಿಕೆಗೆ ಕರೆದಿದ್ದ ಮಾಧ್ಯಮ ಕಂಪನಿಗೆ ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಅದಕ್ಕೇ ಕಡ್ಡಿರಾಂಪುರದ ನನ್ನ ಮನೆಗೆ ಬಂದಿದ್ದಳು.

“ಇದು ಬ್ಯಾಡ ಅಕ್ಕಾ, ಇನ್ನೊಂದು ತೆಗೀರಿ,” ಎಂದಳು. ಯಾಕೆಂದು ಕೇಳಿದೆ.

“ಸಹಿ ಮಾಡಿದ್ರ ಹಳೇ ವಿಡಿಯೋ ಎಲ್ಲಾ ಅವರವು ಆಗ್ತಾವಂತ್ರಿ. ಅವ್ವ ತೀರಿಕೊಂಡ ಮ್ಯಾಲೆ ಆಕಿ ದನಿ ಅದ್ರಾಗಷ್ಟೇ ಐತ್ರಿ.”

ನಾನು ಕಾರ್ಡುಗಳನ್ನು ಎತ್ತಿಟ್ಟೆ. ಅವಳು ಅಲ್ಲೇ ಕುಳಿತು ಒಪ್ಪಿಗೆಯಿಲ್ಲವೆಂದು ಕಂಪನಿಗೆ ಬರೆದು ಕಳಿಸಿದಳು. “ತಪ್ಪು ಮಾಡಿದ್ನೇನ್ರಿ?” ಎಂದಳು.

ಈಗ ಕಾರ್ಡು ತಿರುಗಿಸುವ ಮೊದಲು, ಬಂದವರಿಗೆ ಯಾವುದರ ಭಯವೆಂದು ಕೇಳುತ್ತೇನೆ. ಅಂದು ಅವಳು ಸುಮ್ಮನಿದ್ದಿದ್ದರೆ, ಆ ಕಾರ್ಡನ್ನು ನಂಬಿ ಧೈರ್ಯವಾಗಿ ಸಹಿ ಹಾಕೆಂದೇ ಹೇಳಿ ಕಳಿಸುತ್ತಿದ್ದೆ.