ಚಿಕ್ಕಪ್ಪನ ಕಾರು, ಚಿಕ್ಕಪ್ಪನ ಸಿಟ್ಟು

ಸಿಟ್ಟು ಬಂದಾಗ ಚಿಕ್ಕಪ್ಪನ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಮುಖ ಇದ್ದ ಹಾಗೇ ಇರುತ್ತಿತ್ತು. ದನಿಯೂ ಮೊದಮೊದಲು ಏರುತ್ತಿರಲಿಲ್ಲ. ಕಿವಿಯೊಂದು ಮಾತ್ರ ತುದಿಯಿಂದ ಶುರುವಾಗಿ ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಕಂಡ ಕೂಡಲೇ ಚಿಕ್ಕಮ್ಮ ಎದ್ದು ಬೀದಿ ಕಡೆಯ ಕಿಟಕಿ ಮುಚ್ಚಿ ಬರುತ್ತಿದ್ದಳು, ಮುಂದೆ ಬರಲಿರುವ ಬೈಗುಳ ಅಕ್ಕಪಕ್ಕದವರಿಗೆ ಕೇಳದಿರಲಿ ಎಂದು. ಆದರೂ ಕೇಳುತ್ತಿತ್ತು.

ಮಧುಗಿರಿಯಲ್ಲಿ ನಮ್ಮದೂ ಅವರದೂ ಒಂದೇ ಅಂಗಳದ ಎರಡು ಮನೆ. ನಮ್ಮಪ್ಪ ಯಾರ ಮಾತಿಗೂ ಎದುರಾಡದ ಮನುಷ್ಯ. ಅವರ ತಮ್ಮನಾದ ಚಿಕ್ಕಪ್ಪ ಎದುರಾಡದೆ ಒಂದು ಲೋಟ ಕಾಫಿ ಕುಡಿದವರಲ್ಲ. ಪೇಟೆಯಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ: ಮೊಳೆ, ಚಿಲಕ, ಸಲಿಕೆ, ಹಗ್ಗ. ಭಾನುವಾರ ಅಂಗಡಿಗೆ ರಜೆ. ಆ ದಿನ ಅಂಗಳದ ಬೇವಿನ ಮರದ ಕೆಳಗೆ ಅವರ ಹಳೇ ಪೆಟ್ರೋಲ್ ಕಾರಿನ ಬಾನೆಟ್ಟು ತೆರೆಯುತ್ತಿತ್ತು.

ಮೊದಲೆಲ್ಲ ಅವರೂ ಕಾರನ್ನು ಗ್ಯಾರೇಜಿಗೇ ಬಿಡುತ್ತಿದ್ದವರು. ಒಮ್ಮೆ ಗಾಡಿ ಹತ್ತು ಹೆಜ್ಜೆಗೊಮ್ಮೆ ನಿಲ್ಲತೊಡಗಿದಾಗ ಗ್ಯಾರೇಜಿನವನು ಅದಿರ್ಬೌದು, ಇದಿರ್ಬೌದು ಎನ್ನುತ್ತ ಒಂದೊಂದೇ ಸಾಮಾನು ಬದಲಾಯಿಸಿದನಂತೆ. ಕೊನೆಗೆ ನೋಡಿದರೆ ಒಂದು ವೈರು ಸಡಿಲವಾಗಿತ್ತು, ಅಷ್ಟೆ. ಅಂದಿನಿಂದ ಆ ಕಾರಿಗೆ ಹೊರಗಿನವರ ಕೈ ಸೋಕಲಿಲ್ಲ. ‘ಇರ್ಬೌದು’ ಎಂಬ ಮಾತು ಅಂದಿನಿಂದ ಅವರ ಹಗೆಯಾಯಿತು.

ಅವರಿಗೆ ಮಕ್ಕಳಿಲ್ಲ. ನಾನು ಡಿಗ್ರಿ ಓದುತ್ತಿದ್ದಾಗ ಒಂದು ಭಾನುವಾರ ನನ್ನನ್ನು ಕೂಗಿ ಕರೆದು ಕೈಗೆ ಸ್ಪ್ಯಾನರ್ ಕೊಟ್ಟರು. ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ.

“ಏನಾಗೈತೆ ಹೇಳು.”

“ಬ್ಯಾಟರಿ ಹೋಗಿರ್ಬೌದು ಚಿಕ್ಕಪ್ಪ.”

“ಇರ್ಬೌದು ಅಂದ್ರೆ ಏನ್ಲೇ? ನೋಡಿದ್ಯಾ, ನೋಡಿಲ್ವಾ? ಎರಡ್ರಲ್ಲಿ ಒಂದು ಹೇಳು.”

ಬೈದುಕೊಂಡೇ ಕಲಿಸಿದರು. “ಪೆಟ್ರೋಲ್ ಬತ್ತೈತಾ, ಕಿಡಿ ಬತ್ತೈತಾ, ಗಾಳಿ ಬತ್ತೈತಾ. ಇಷ್ಟೇ ನೋಡ್ಬೇಕಾಗಿರೋದು. ಒಂದನ್ನ ನೋಡಿ ಮುಗ್ಸೋ ಗಂಟ ಇನ್ನೊಂದಕ್ಕೆ ಕೈ ಹಾಕ್ಬೇಡ.” ಪ್ಲಗ್ಗು ಬಿಚ್ಚಿ ಅದರ ಮೂತಿ ನೋಡುವುದು, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿ ಬರುತ್ತಿದೆ ಎಂದು ತಿಳಿಯುವುದು, ಪ್ಲಗ್ಗನ್ನು ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ಕೀಲಿ ತಿರುಗಿಸಿದಾಗ ನೀಲಿ ಕಿಡಿ ಹಾರುತ್ತದೋ ಇಲ್ಲವೋ ಕಾಯುವುದು, ಎಲ್ಲ ಆ ಮರದ ಕೆಳಗೇ ಕಲಿತೆ. ಗಾಡಿ ಓಡಿಸುವುದನ್ನೂ ಅವರೇ ಕಲಿಸಿದರು. ಅವರೂ ತಪ್ಪುತ್ತಿದ್ದರು. ಒಂದು ಭಾನುವಾರವಿಡೀ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಜೋಡಿಸಿ, ಕಾರಿನ ಅಪ್ಪ ಅಮ್ಮನನ್ನೆಲ್ಲ ಬೈದು ಸಂಜೆಗೆ ಸುಸ್ತಾಗಿ ಕೂತರು. ಟ್ಯಾಂಕಿನಲ್ಲಿ ಪೆಟ್ರೋಲೇ ಇರಲಿಲ್ಲ. ಮೀಟರಿನ ಮುಳ್ಳು ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಟೈರಿಗೊಂದು ಒದ್ದು ಒಳಗೆ ಹೋದರು.

ನೆಂಟರೊಬ್ಬರು, “ಹೆಣ್ಣುಮಗಳ ಕೈಗೆ ಗ್ರೀಸು ಮೆತ್ತುಸ್ತಿದ್ಯಲ್ಲೋ” ಅಂದಿದ್ದಕ್ಕೆ, “ಮನೇಲಿ ಸೋಪೈತೆ” ಎಂದಷ್ಟೇ ಹೇಳಿದ್ದರು.

ನನಗೆ ಗಂಡು ತಂದವರು ಕೊಳಾಲದ ದೊಡ್ಡಪ್ಪ. ಅಪ್ಪನಿಗೆ ದಾಯಾದಿ ಅಣ್ಣನಾಗಬೇಕು. ನಮ್ಮ ಕಡೆಯ ನ್ಯಾಯ, ಪಂಚಾಯ್ತಿ, ಸಂಬಂಧ ಎಲ್ಲಕ್ಕೂ ಅವರೇ ಮುಂದು. ಪಾವಗಡದ ಮನೆ, ದೊಡ್ಡ ಮನೆತನ, ಹುಡುಗನಿಗೆ ಸಂಬಳದ ಕೆಲಸ ಎಂದರು.

“ಹುಡುಗನ್ನ ನೀವು ನೋಡಿದ್ದೀರಾ?” ಎಂದು ಚಿಕ್ಕಪ್ಪ ಕೇಳಿದರು. “ಅವ್ರ ಮನೇಲಿ ಒಂದಿನ ಕೂತಿದ್ದೀರಾ?”

“ಒಳ್ಳೆಯವ್ನೇ ಇರ್ಬೌದು ಕಣಯ್ಯ. ಅಂಥಾ ಮನೆತನ.”

ಚಿಕ್ಕಪ್ಪನ ಕಿವಿಗೆ ಬಣ್ಣ ಬಂತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ, “ನೀನು ಸುಮ್ನಿರು, ಮಗಳು ನನ್ನವಳು” ಅಂದುಬಿಟ್ಟರು. ಜೀವಮಾನದಲ್ಲಿ ಅಪ್ಪ ಎದುರಾಡಿದ್ದು ಅದೊಂದೇ ಸಲ. ಆಡಬಾರದವರ ಎದುರು, ಆಡಬಾರದ ಹೊತ್ತಿನಲ್ಲಿ. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಕೈ ಎತ್ತಿದ. ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ಒಮ್ಮೆ, ಅವನ ತಮ್ಮನ ಎದುರು ನಕ್ಕಿದ್ದಕ್ಕೆ ಒಮ್ಮೆ, ಆಮೇಲೆ ಕಾರಣವೇ ಬೇಕಾಗಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ. “ಸ್ವಲ್ಪ ಅಡ್ಜಸ್ಟ್ ಮಾಡ್ಕೊ ತಾಯಿ” ಅಂದರು. “ನಿಮ್ಮ ಚಿಕ್ಕಪ್ಪನಿಗೆ ಹೇಳ್ಬೇಡ, ರಂಪ ಮಾಡ್ತಾನೆ.” ನಾನು ಹೇಳಲಿಲ್ಲ.

ಯುಗಾದಿ ಕಳೆದ ವಾರ ಚಿಕ್ಕಪ್ಪ ಹಬ್ಬದ ಸೀರೆ ಕೊಡಲೆಂದು ಆ ಕಾರಿನಲ್ಲೇ ಪಾವಗಡಕ್ಕೆ ಬಂದರು. ಗಂಡ ಮನೆಯಲ್ಲಿರಲಿಲ್ಲ. ಹಿಂದಿನ ದಿನದ ಏಟಿಗೆ ನನ್ನ ಕೆನ್ನೆ ಊದಿ, ನಾಲ್ಕು ಬೆರಳಿನ ಗುರುತು ಹಾಗೇ ಉಳಿದಿತ್ತು. ಸೆರಗು ಎಳೆದುಕೊಂಡು ನೀರು ತಂದುಕೊಟ್ಟೆ. ಅವರು ಲೋಟ ಕೈಗೆ ತೆಗೆದುಕೊಳ್ಳಲಿಲ್ಲ.

“ಏನಿದು?”

ನಾನು ಬಾಯಿಬಿಡುವ ಮೊದಲೇ ಅತ್ತೆ ತನ್ನ ತೆಲುಗು ಬೆರೆತ ಕನ್ನಡದಲ್ಲಿ, “ಏಂ ಲೇದಣ್ಣಾ, ಬಾಗಿಲ ಚಿಲ್ಕ ಬಡೀತು ಅಷ್ಟೆ. ಈ ಪಿಲ್ಲಗೆ ನೋಡ್ಕೊಂಡು ನಡಿಯಾಕೆ ಬರಲ್ಲ” ಅಂದಳು.

ಚಿಕ್ಕಪ್ಪ ಎದ್ದು ಬಾಗಿಲ ಹತ್ತಿರ ಹೋದರು. ಅದನ್ನು ಮುಚ್ಚಿದರು, ತೆರೆದರು. ಚಿಲಕದ ಮೇಲೆ ಕೈಯಿಟ್ಟು ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು.

“ಈ ಚಿಲ್ಕ ಇವಳ ಸೊಂಟದ ಮಟ್ಟಕ್ಕೈತೆ. ಏಟು ಕೆನ್ನೆ ಮೇಲೈತೆ. ನಾನು ಚಿಲ್ಕ ಮಾರೋನು ಕಣಮ್ಮ. ನಾನು ಮಾರಿರೋ ಯಾವ ಚಿಲ್ಕಕ್ಕೂ ನಾಕು ಬೆರಳಿರಲಿಲ್ಲ.”

ಅತ್ತೆ ಏನೋ ಹೇಳಹೋದಳು. ಅವರು ಅತ್ತ ತಿರುಗಿಯೂ ನೋಡದೆ, “ಬಟ್ಟೆ ತಗೊ, ನಡಿ” ಅಂದರು ನನಗೆ. ಒಂದು ಬ್ಯಾಗಿನಲ್ಲಿ ಸಿಕ್ಕಿದ್ದನ್ನು ತುಂಬಿಕೊಂಡು ಹೊರಟೆ.

ಪಾವಗಡ ದಾಟಿ ಸ್ವಲ್ಪ ದೂರ ಬಂದಿರಬೇಕು. ಉರಿಬಿಸಿಲು, ಎರಡೂ ಕಡೆ ಕಾದ ಬಂಡೆ, ಜಾಲಿ. ಕಾರು ಒಂದೆರಡು ಸಲ ಕೆಮ್ಮಿ ನಿಂತೇಹೋಯಿತು. ಚಿಕ್ಕಪ್ಪ ಬಾನೆಟ್ಟು ಎತ್ತುವಷ್ಟರಲ್ಲಿ ಹಿಂದಿನಿಂದ ಬೈಕಿನ ಸದ್ದು ಕೇಳಿತು. ನನ್ನ ಗಂಡ, ಹಿಂದೆ ಅವನ ತಮ್ಮ. ಅತ್ತೆ ಫೋನ್ ಮಾಡಿ ಅಟ್ಟಿದ್ದಳು.

ಚಿಕ್ಕಪ್ಪ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. “ಗಾಡಿ ನೀನು ನೋಡು. ಇವ್ರನ್ನ ನಾನು ನೋಡ್ಕಂತೀನಿ.”

ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ಬೆರಳಿಗೆ ಇಳಿದಿತ್ತು. ಮೊದಲು ಕಿಡಿ ನೋಡಿದೆ, ಇತ್ತು. ಕಾರ್ಬೊರೇಟರಿಗೆ ಬರುವ ಪೆಟ್ರೋಲ್ ಪೈಪು ಬಿಚ್ಚಿಟ್ಟು ಹೋಗಿ ಕೀಲಿ ತಿರುಗಿಸಿ ಬಂದೆ. ಪೈಪಿನ ಬಾಯಲ್ಲಿ ಬರೀ ಗುಳ್ಳೆ, ಪೆಟ್ರೋಲಿಲ್ಲ. ಪಂಪು ಮುಟ್ಟಿದರೆ ಸುಡುತ್ತಿತ್ತು. ಬಿಸಿಲಿಗೂ ಇಂಜಿನ್ನಿನ ಕಾವಿಗೂ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿಕೊಂಡಿತ್ತು. ಪೈಪು ಮತ್ತೆ ಸಿಕ್ಕಿಸಿ, ಚಿಕ್ಕಪ್ಪನ ಟವೆಲ್ಲನ್ನು ಕುಡಿಯುವ ನೀರಿನಲ್ಲಿ ನೆನೆಸಿ ಪಂಪಿಗೆ ಸುತ್ತಿದೆ. ಇನ್ನು ತಣ್ಣಗಾಗುವವರೆಗೆ ಕಾಯಬೇಕು. ಅದೊಂದು ಮಾತ್ರ ನನ್ನ ಕೈಯಲ್ಲಿರಲಿಲ್ಲ.

“ಅವಳು ನನ್ ಹೆಂಡ್ತಿ. ಪಕ್ಕಕ್ಕೆ ಬನ್ನಿ” ಎನ್ನುತ್ತಿದ್ದ ಗಂಡ.

“ಅದ್ನೇ ನಾನು ಕೇಳ್ತಿರೋದು. ಹೆಂಡ್ತಿ ಕೆನ್ನೆ ಮೇಲೆ ನಿನ್ ಬೆರಳು ಯಾಕೈತೆ?”

“ಮೆಲ್ಲಗೆ ಮಾತಾಡಿ, ಜನ ಹೋಗ್ತಾ ಬರ್ತಾ ಇದಾರೆ.”

ಅವನು ಆ ಮಾತು ಆಡಬಾರದಿತ್ತು. ಚಿಕ್ಕಪ್ಪ ರಸ್ತೆಯ ನಡುವೆ ಹೋಗಿ ನಿಂತರು. ಬರುತ್ತಿದ್ದ ಒಂದು ಟ್ರ್ಯಾಕ್ಟರ್, ಅದರ ಹಿಂದಿನ ಎರಡು ಬೈಕು, ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮುದುಕ, ಎಲ್ಲರನ್ನೂ ತಡೆದು ಗಂಟಲು ಹರಿಯುವಂತೆ ಕೂಗಿದರು. “ಬನ್ರಪ್ಪ, ನೋಡ್ರಿ! ಇವ್ನೇ ಇವ್ಳ ಗಂಡ. ಊಟ ಹಾಕಿದ ಕೈಗೆ ಏಟು ಕೊಟ್ಟವ್ನೆ. ಮೆಲ್ಲಗೆ ಮಾತಾಡ್ಬೇಕಂತೆ! ಹೊಡಿವಾಗ ಮೆಲ್ಲಗೆ ಹೊಡ್ದಿದ್ನಾ ಕೇಳ್ರಿ!”

ಜನ ನನ್ನ ಕೆನ್ನೆ ನೋಡಿದರು, ಆಮೇಲೆ ಅವನನ್ನು ನೋಡಿದರು. ಕುರಿಯ ಮುದುಕ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. ಗಂಡನ ತಮ್ಮ ಬೈಕನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸತೊಡಗಿದ. ನಾನು ಸೀಟಿಗೆ ಹೋಗಿ ಕೀಲಿ ತಿರುಗಿಸಿದೆ. ಮೊದಲ ಸಲ ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ. ಇಂಜಿನ್ನು ನಡುಗಿ ಎದ್ದು ನಿಂತಿತು. ಮಧುಗಿರಿಯವರೆಗೂ ನಾನೇ ಓಡಿಸಿದೆ. ದಾರಿಯುದ್ದಕ್ಕೂ ಚಿಕ್ಕಪ್ಪ ಪಕ್ಕದಲ್ಲಿ ಕೂತು ಬೈಯುತ್ತಲೇ ಬಂದರು. ಅವನನ್ನು, ಅವನ ಅಮ್ಮನನ್ನು, ನಮ್ಮಪ್ಪನನ್ನು, “ನಂಗ್ಯಾಕೆ ಹೇಳ್ಲಿಲ್ಲ” ಎಂದು ನನ್ನನ್ನೂ.

ಮುಂದಿನ ಭಾನುವಾರ ಕೊಳಾಲದ ದೊಡ್ಡಪ್ಪ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿದ್ದಾಯಿತು. ಚಿಕ್ಕಮ್ಮ ಕಾಫಿ ಕೊಟ್ಟಳು. ಚಿಕ್ಕಪ್ಪ ಕುರ್ಚಿಯಲ್ಲಿ ಕೂರಲಿಲ್ಲ. ಕಾರನ್ನು ಸ್ಟಾರ್ಟ್ ಮಾಡಿ, “ನೀವು ಹೇಳ್ತಾ ಇರಿ, ನಾವು ಕೇಳ್ತಾ ಇರ್ತೀವಿ” ಎಂದು ನನ್ನನ್ನು ಬಾನೆಟ್ಟಿನ ಹತ್ತಿರ ಕರೆದರು. ಇಂಜಿನ್ನು ಕುಂಟುತ್ತಿತ್ತು, ನಾಲ್ಕು ಪ್ಲಗ್ಗಿನಲ್ಲಿ ಯಾವುದೋ ಒಂದು ಕೆಲಸ ಮಾಡುತ್ತಿರಲಿಲ್ಲ. ನಾನು ದಪ್ಪ ಬಟ್ಟೆಯಲ್ಲಿ ಹಿಡಿದು ಒಂದೊಂದೇ ವೈರು ಎಳೆಯುತ್ತ ಬಂದೆ. ಯಾವುದನ್ನು ಎಳೆದಾಗ ಸದ್ದು ಬದಲಾಗದೋ ಅದೇ ಸತ್ತ ಪ್ಲಗ್ಗು.

“ಗಂಡ್ಸಿಗೆ ಕೆಲ್ಸದ ಟೆನ್ಷನ್ ಇರ್ಬೌದಮ್ಮ,” ದೊಡ್ಡಪ್ಪ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದರು. “ಒಂದು ಮಗು ಆದ್ರೆ ಸರಿಹೋಗ್ಬೌದು.” ಅಪ್ಪ ನೆಲ ನೋಡುತ್ತ ಕೂತಿದ್ದರು. ಕೊನೆಗೆ ದೊಡ್ಡಪ್ಪ ಚಿಕ್ಕಪ್ಪನ ಕಡೆ ತಿರುಗಿ, “ಅಲ್ಲಯ್ಯ, ಈ ಲಡಾಸು ಗಾಡೀನ ಇಷ್ಟು ವರ್ಷದಿಂದ ರಿಪೇರಿ ಮಾಡ್ಕೊಂಡು ಇಟ್ಕೊಂಡಿದ್ಯಲ್ಲ, ಒಂದು ಸಂಸಾರಾನ ಅಂಗೇ ರಿಪೇರಿ ಮಾಡ್ಕೊಂಡು ಹೋಗಾಕಾಗಲ್ವಾ?” ಅಂದರು. ಜೊತೆಗೆ ಬಂದಿದ್ದವರು ಭಲೇ ಎನ್ನುವಂತೆ ತಲೆದೂಗಿದರು.

ಚಿಕ್ಕಪ್ಪ ಒಳಗೆ ಕೈಹಾಕಿ ಇಂಜಿನ್ನು ಆರಿಸಿದರು.

“ಈ ಗಾಡಿ ಎಷ್ಟೋ ಸಲ ಕೈ ಕೊಟ್ಟೈತೆ ಕಣಣ್ಣ. ಆದ್ರೆ ಒಂದು ದಿನಾನೂ ನನ್ ಕೆನ್ನೆಗೆ ಹೊಡ್ದಿಲ್ಲ.”

ಆಮೇಲೆ ನನ್ನ ಕಡೆ ಕೈ ತೋರಿಸಿದರು. “ಇವ್ಳು ಹೋಗ್ತೀನಿ ಅಂದ್ರೆ ನಾನೇ ಬುಟ್ಬತ್ತೀನಿ. ಏನಮ್ಮ, ಹೋಗ್ತೀಯಾ?” ಎಂದು ನನ್ನನ್ನು ಕೇಳಿದರು. ಗಂಡು ನೋಡಿದಾಗ, ಮದುವೆ ಮಾಡಿದಾಗ, ಏಟು ತಿಂದಾಗ, ಅಲ್ಲಿಯವರೆಗೆ ನಿನಗೇನು ಬೇಕು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. “ಹೋಗಲ್ಲ” ಅಂದೆ. ಹಿರಿಯರು ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದರು.

ಕೋರ್ಟಿಗೆ ಅಲೆದಿದ್ದು ಆ ಕಾರಿನಲ್ಲೇ. ಸಿರಾದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಹೋಗಿಬರುತ್ತಿದ್ದುದೂ ಅದರಲ್ಲೇ. ವಿಚ್ಛೇದನದ ತೀರ್ಪು ಬಂದ ಮೇಲೂ ಊರಿನ ನಾಲಗೆ ಸುಮ್ಮನಿರಲಿಲ್ಲ. ಸಂಸಾರ ಒಡೆದ ಚಿಕ್ಕಪ್ಪ ಎಂದರು. ಹೊಡೆದವನ ಸುದ್ದಿ ಯಾರೂ ಎತ್ತಲಿಲ್ಲ. ಮರೆತುಬಿಡು, ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತೆ ಎಂದು ಬಂದವರೆಲ್ಲ ನನಗೆ ಬುದ್ಧಿ ಹೇಳಿದರು. ಚಿಕ್ಕಪ್ಪ ಒಮ್ಮೆಯೂ ಹೇಳಲಿಲ್ಲ. ಒಂದು ದಿನ ಪ್ಲಗ್ಗು ಉಜ್ಜುತ್ತ ಕೂತವಳು ಇದ್ದಕ್ಕಿದ್ದಂತೆ ಅತ್ತುಬಿಟ್ಟಾಗ ಪಕ್ಕದಲ್ಲೇ ಕೂತು, “ಅಳು ಬಂದ್ರೆ ಅಳು. ಸಿಟ್ಟು ಬಂದ್ರೆ ಸಿಟ್ಟು ಮಾಡು. ನಿನ್ ಸಿಟ್ಟು ಸರಿಯಾಗೈತೆ, ಅದನ್ನ ಯಾರೂ ರಿಪೇರಿ ಮಾಡೋದು ಬ್ಯಾಡ” ಅಂದಿದ್ದರು.

ಹೋದ ಬೇಸಿಗೆಯಲ್ಲಿ ಚಿಕ್ಕಪ್ಪ ಅಂಗಡಿಯಲ್ಲಿ ಗಿರಾಕಿಗೆ ಹಗ್ಗ ಅಳೆದುಕೊಡುತ್ತಿದ್ದವರು ಹಾಗೆಯೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಹಣೆ ತುಂಬ ವಿಭೂತಿ ಬಳಿದು, ಅಂಗಳದ ಗೋಡೆಗೆ ಒರಗಿಸಿ ಕೂರಿಸಿದೆವು. ಅಷ್ಟು ಹೊತ್ತು ಅವರು ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಮಧ್ಯಾಹ್ನ ಕೊಳಾಲದ ದೊಡ್ಡಪ್ಪ ಬಂದರು. ಅವರ ಹಿಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ದಪ್ಪನೆಯ ಸುಗಂಧರಾಜದ ಹಾರ ಹಿಡಿದು, ಅವನು.

“ದಾರಿ ಬುಡ್ರಪ್ಪ, ಅಳಿಯಂದ್ರು ಬಂದವ್ರೆ” ಎಂದಿತು ಯಾವುದೋ ದನಿ. ಜನ ಸರಿದು ದಾರಿ ಬಿಟ್ಟರು. ಅವನು ಬಂದು ಚಿಕ್ಕಪ್ಪನ ಕೊರಳಿಗೆ ಹಾರ ಹಾಕಿ, ಕಣ್ಣು ಮುಚ್ಚಿ ಕೈಮುಗಿದ. ದೊಡ್ಡಪ್ಪ ನನ್ನ ಹತ್ತಿರ ಬಗ್ಗಿ, “ಸತ್ತೋರ ಮುಂದೆ ದ್ವೇಷ ಯಾಕಮ್ಮ, ಎಲ್ಲಾ ಮರ್ತುಬುಡು” ಅಂದರು.

ನಾನು ಎದ್ದು ಹೋಗಿ ಆ ಹಾರ ತೆಗೆದೆ.

ಅಂಗಳವೆಲ್ಲ ಗುಜುಗುಜು ಎಂದಿತು. ಅಪ್ಪ ಓಡಿ ಬಂದು, “ಬ್ಯಾಡ ತಾಯಿ, ಜನ ನೋಡ್ತಾವ್ರೆ” ಎಂದು ನನ್ನ ತೋಳು ಹಿಡಿದರು. ಹಾರ ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೋ ತೋಚದೆ ನಿಂತೆ. ಆಗ, ಬೆಳಗಿನಿಂದ ಒಂದು ಮಾತೂ ಆಡದೆ ಕೂತಿದ್ದ ಚಿಕ್ಕಮ್ಮ ಎದ್ದು ಬಂದಳು. ನನ್ನ ಕೈಯಿಂದ ಹಾರ ಇಸಿದುಕೊಂಡಳು. ಮತ್ತೆ ಅವರ ಕೊರಳಿಗೇ ಹಾಕುತ್ತಾಳೆ ಅಂದುಕೊಂಡೆ. ಅವಳು ನೆಟ್ಟಗೆ ಗೇಟಿನವರೆಗೆ ನಡೆದು ಹಾರವನ್ನು ಬೀದಿಯ ಚರಂಡಿಗೆ ಎಸೆದಳು. ಆಮೇಲೆ ತಿರುಗಿ ಅವನ ಮುಖ ನೋಡಿ, ಅವಳ ಗಂಟಲಲ್ಲಿ ಅಂಥ ದನಿ ಇದೆಯೆಂದು ನಮಗ್ಯಾರಿಗೂ ಗೊತ್ತಿರದಷ್ಟು ಜೋರಾಗಿ ಹೇಳಿದಳು:

“ಇವ್ರು ಬದುಕಿದ್ದಾಗ ಈ ಗೇಟು ದಾಟೋ ಧೈರ್ಯ ಇತ್ತೇನೋ ನಿಂಗೆ? ಹೋಗಾಚೆ!”

ಅವನು ಹೋದ. ದೊಡ್ಡಪ್ಪನೂ ಹೋದರು. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಬಂದು, ಸತ್ತವರ ಗಂಡುಮಕ್ಕಳು ಕೂರುವ ಜಾಗದಲ್ಲಿ, ಚಿಕ್ಕಪ್ಪನ ಬಲಪಕ್ಕಕ್ಕೆ ಕೂರಿಸಿದಳು. ಮಣ್ಣಿಗೆ ಎತ್ತುವವರೆಗೂ ನಾನು ಅಲ್ಲೇ ಕೂತಿದ್ದೆ. ಏಳು ಎಂದು ಯಾರೂ ಹೇಳಲಿಲ್ಲ.