ತಿರ್ಲಾಪುರದ ದಾರಿ ಹೇಳಿದ ದನಿ

ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ನಂಬದಿರುವುದಷ್ಟೇ ಅಲ್ಲ, ಹೇಳಿದವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ಅದೊಂದು ಚಟವಾಗಿತ್ತು. ಯಾರಾದರೂ ಹುಣಸೆಮರದ ಕೆಳಗೆ ಏನೋ ಕಂಡೆ ಎಂದರೆ ಸಾಕು, ಬೆಳಕೆಷ್ಟಿತ್ತು, ಜೊತೆಗೆ ಯಾರಿದ್ದರು, ಹೊಟ್ಟೆಯಲ್ಲಿ ಏನಿತ್ತು ಎಂದು ಕೇಳಿ ಕೇಳಿ ಅವರೇ ಎದ್ದು ಹೋಗುವಂತೆ ಮಾಡುತ್ತಿದ್ದೆ. ಆದ್ದರಿಂದ ಓದುಗರೇ, ನೀವು ನನಗೂ ಅದೇ ಪ್ರಶ್ನೆ ಕೇಳಬಹುದು. ಕೇಳಬೇಕು. ಬೆಳಕು ಚೆನ್ನಾಗಿಯೇ ಇತ್ತು. ಜೊತೆಗೆ ಹಸೀನಾ ಇದ್ದಳು. ಇಬ್ಬರ ಹೊಟ್ಟೆಯಲ್ಲೂ ಚಹಾ ಬಿಟ್ಟು ಬೇರೇನೂ ಇರಲಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು, ಮಳೆಗಾಲ. ಅಪ್ಪನ ಒಬ್ಬಳೇ ತಂಗಿ, ನನ್ನ ಸೋದರತ್ತೆ, ತಿರ್ಲಾಪುರದಲ್ಲಿ ಬೆಳಗಿನ ಜಾವ ತೀರಿಕೊಂಡಳು. ಲಕ್ವ ಹೊಡೆದು ಬಹಳ ವರ್ಷ ಹಾಸಿಗೆ ಹಿಡಿದಿದ್ದಳು. ಮಾತು ನಿಂತೇ ಹೋಗಿತ್ತು. ನಮ್ಮ ಮಂದಿಯಲ್ಲಿ ಹೆಣ್ಣುಮಗಳು ಸತ್ತರೆ, ಮಣ್ಣು ಕೊಡುವ ಮೊದಲು ಅವಳ ಮೈಮೇಲೆ ತವರಿನ ಸೀರೆ ಬೀಳಬೇಕು. ಗಂಡನ ಮನೆಯಲ್ಲಿ ಕಪಾಟು ತುಂಬ ಸೀರೆ ಇದ್ದರೂ ಅದೇ ಆಗಬೇಕು. ಅಪ್ಪ ಅಣ್ಣಿಗೇರಿಯ ಅಂಗಡಿಕಾರನನ್ನು ನಿದ್ದೆಯಿಂದ ಎಬ್ಬಿಸಿ ಸೀರೆ ತಂದ. ಸತ್ತವರಿಗೆ ಹೊದಿಸುವುದನ್ನು ಮನೆಯೊಳಗೆ ಒಯ್ಯಬಾರದೆಂದು ಹೊರಗಿನ ಕಟ್ಟೆಯ ಮೇಲಿಟ್ಟ. ಅಲ್ಲೇ ಎಡವಟ್ಟಾಯಿತು. ಅವ್ವ ತೆಗೆದುಕೊಂಡಿದ್ದಾಳೆಂದು ಅಪ್ಪ, ಕಾಕಾ ತೆಗೆದುಕೊಂಡಿದ್ದಾನೆಂದು ಅವ್ವ. ಒಳಗಿದ್ದ ಸಾಮಾನೆಲ್ಲ ಜೀಪು ಏರಿತು. ಹೊರಗಿದ್ದ ಸೀರೆ ಅಲ್ಲೇ ಉಳಿಯಿತು.

ಅಂದು ನನಗೆ ಪರೀಕ್ಷೆಯಿತ್ತು, ನಾನು ಹೋಗಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಕಟ್ಟೆಯ ಮೇಲಿನ ಚೀಲ ನೋಡುವುದಕ್ಕೂ ಅಪ್ಪನ ಫೋನು ಬರುವುದಕ್ಕೂ ಸರಿಹೋಯಿತು.

“ಸೀರಿ ಅಲ್ಲೇ ಐತೇನವಾ?”

“ಇಲ್ಲೇ ಐತಿ.”

“ಹೊತ್ತು ಮುಳುಗೂದ್ರಾಗ ಮಣ್ಣ ಕೊಡಬೇಕಂತ ಹಿರ್ಯಾರು ಕುಂತಾರ. ಇದ್ದಾಕಿ ಒಬ್ಬಾಕಿ ತಂಗಿ. ನಾ ಏನ್ ಮುಖಾ ಇಟಗೊಂಡು ಇಲ್ಲಿ ಕುಂದರ್ಲಿ?”

ಅಪ್ಪ ಅಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಸತ್ತವರಿಗೆ ಸೀರೆ ಯಾಕೆ ಎಂದು ವೇದಿಕೆಯ ಮೇಲೆ ನಿಂತು ವಾದಿಸಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಆದರೆ ಅಂದಿನ ಪ್ರಶ್ನೆ ಸತ್ತವಳದಲ್ಲ, ಬದುಕಿರುವ ಅಪ್ಪನದು. ಸೀರೆ ಮುಟ್ಟಲೇಬೇಕು. ಅದರಲ್ಲಿ ವಾದವಿಲ್ಲ.

ಹಸೀನಾ ನಮ್ಮ ಓಣಿಯವಳು, ಚರ್ಚೆಯಲ್ಲಿ ನನ್ನ ಜೋಡಿ. ನಾನು ಪರವಾದರೆ ಅವಳು ವಿರೋಧ. ವಿಷಯ ಕೇಳಿದವಳೇ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಸ್ಕೂಟಿಯ ಹಿಂದೆ ಕುಳಿತಳು. “ನಡೀ ಹೋಗೂಣು. ನೀ ಗಾಡಿ ಹೊಡಿ, ನಾ ಫೋನ್ ಹಿಡೀತೀನಿ. ಬಾಯಿ ಮಾತ್ರ ಇಬ್ಬರೂ ಮುಚ್ಚೂಣು.”

ಡಾಂಬರು ರಸ್ತೆ ಅರ್ಧ ದಾರಿಗೇ ಮುಗಿಯಿತು. ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಬಸ್ಸುಗಳು ಸಾಲಾಗಿ ನಿಂತಿದ್ದವು. ಫೋನಿನ ನಕ್ಷೆ ಮಾತ್ರ ಧೈರ್ಯಗೆಡಲಿಲ್ಲ. ಹೊಲಗಳ ನಡುವೆ ಹಳ್ಳವನ್ನು ಸುತ್ತಿ ಹೋಗುವ ಒಂದು ತೆಳ್ಳಗಿನ ಗೆರೆ ತೋರಿಸಿತು.

“ಅದು ಕೂದಲೆಳಿ ಇದ್ದಂಗ ಐತಲೇ, ದಾರಿ ಅಲ್ಲ,” ಎಂದಳು ಹಸೀನಾ.

“ಬ್ಯಾರೆ ದಾರಿ ಇದ್ರ ಹೇಳು.”

ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿಗೆ ಗಾಡಿ ಇಳಿಸಬಾರದೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಗೊತ್ತಿದ್ದೂ ಇಳಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಪ್ಪು ಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನ ಸಂದಿಯಲ್ಲಿ ಬಿಗಿದು, ಸ್ಕೂಟಿ ಎಮ್ಮೆಯ ಹಾಗೆ ನಿಂತುಬಿಟ್ಟಿತು. ಜಾಲಿ ಕಡ್ಡಿಯಿಂದ ಮಣ್ಣು ಕೆರೆಯುವುದು, ನಾಲ್ಕು ಹೆಜ್ಜೆ ನೂಕುವುದು, ಮತ್ತೆ ಕೆರೆಯುವುದು. ಕೊನೆಗೆ ಆ ಗೆರೆಯೂ ಮುಗಿಯಿತು. ಸುತ್ತ ಹತ್ತಿ ಬೆಳೆ. ನಕ್ಷೆಯಲ್ಲಿ ನೀಲಿ ಚುಕ್ಕೆ ಖಾಲಿ ಜಾಗದಲ್ಲಿ ನಿಂತಿತ್ತು. ಸೂರ್ಯ ಪಡುವಣಕ್ಕೆ ವಾಲಿದ್ದ.

ಅತ್ತೆಯ ಮಗ ಬಸುವಿಗೆ ಫೋನು ಹಚ್ಚಿದೆ. ಎತ್ತಿದ್ದು ಒಬ್ಬ ಹೆಂಗಸು. ಹಿಂದೆ ಭಜನೆಯ ತಾಳ ಕೇಳುತ್ತಿತ್ತು. ಬೀಗರಲ್ಲಿ ಯಾರೋ ಇರಬೇಕೆಂದುಕೊಂಡು, ತವರಿನ ಸೀರೆ ತರುತ್ತಿದ್ದೇವೆ, ದಾರಿ ತಪ್ಪಿದೆ ಎಂದೆ.

“ಮೊದಲ ಆ ನಕ್ಷಾ ಮುಚ್ಚವಾ. ಅದಕ್ಕೇನ್ ಗೊತ್ತು ಎರಿ ಮಣ್ಣು? ಎಡಕ್ಕ ಒಡ್ಡು ಹಿಡೀರಿ. ಮುಂದ ಕಾಲುವಿ ಏರಿ ಸಿಗತೈತಿ. ಅದಕ್ಕ ಗರಸು ಹಾಕ್ಯಾರ, ಗಾಲಿ ಹುಗಿಯೂದಿಲ್ಲ.”

ಅವಸರವಿಲ್ಲದ ದನಿ. ಮುದುಕಿಯದಲ್ಲ, ಹುಡುಗಿಯದೂ ಅಲ್ಲ. ಹಸೀನಾ ಸ್ಪೀಕರ್ ಹಾಕಿ ಫೋನನ್ನು ನನ್ನ ಹೆಗಲ ಬಳಿ ಹಿಡಿದಳು. ಒಡ್ಡು ಸಿಕ್ಕಿತು. ಕಾಲುವೆ ಸಿಕ್ಕಿತು. ಏರಿಯ ಮೇಲೆ ಗರಸು, ಕೆಂಪು ಜಲ್ಲಿಮಣ್ಣು, ಹೊಸದಾಗಿ ಹಾಸಿತ್ತು.

“ಹೊಳ್ಳಿದ ಕೂಡ್ಲೆ ಟ್ರಾಲಿ ನಿಂತೈತಿ. ಬಲಗಡೆ ಹೋಗಬ್ಯಾಡ್ರಿ, ಅಲ್ಲಿ ಕುಸದೈತಿ. ಎಡಕ್ಕ ನೂಕಿಕೊಂಡು ದಾಟ್ರಿ.”

ಹೊರಳಿದೆವು. ಇಂಜಿನ್ ಕಳಚಿದ ಟ್ರಾಲಿಯೊಂದು ದಾರಿಗಡ್ಡ ನಿಂತಿತ್ತು. ಬಲಗಡೆಯ ಏರಿ ನೀರಿಗೆ ಜಾರಿತ್ತು. ಹಸೀನಾ ನನ್ನ ಪಕ್ಕೆ ತಿವಿದಳು. “ಅಕಿ ಮಾಳಿಗಿ ಮ್ಯಾಲೆ ನಿಂತು ನಮ್ಮನ್ನ ನೋಡಾಕತ್ತಾಳೇನು?”

“ಊರೇ ಕಾಣವಲ್ದು, ಮಾಳಿಗಿ ಎಲ್ಲಿಂದ ಬಂತಲೇ?”

ಹಾಗೆಂದು ನಾನೇ ಬೆಚ್ಚಿದೆ. ಆಮೇಲೆ ನೆನಪಾದದ್ದು ಇನ್ನೊಂದು: ಆ ಹೆಂಗಸು ನಾವು ಎಲ್ಲಿ ನಿಂತಿದ್ದೇವೆಂದು ಒಮ್ಮೆಯೂ ಕೇಳಿರಲಿಲ್ಲ.

ದೂರದಲ್ಲಿ ಊರಿನ ನೀರಿನ ಟಾಕಿ ಕಂಡಾಗ ಅವಳೇ ಕೇಳಿದಳು: “ಸೀರಿ ಯಾವ ಬಣ್ಣದ್ದು ತಂದೀರಿ?”

ಹಸೀನಾ ಚೀಲದೊಳಗೆ ಇಣುಕಿದಳು. “ಹಸರ್ರೀ. ಕೆಂಪ ಸೆರಗು.”

“ಛಲೋ ಆತು ಬಿಡವಾ. ಅಣ್ಣಗ ಅಳಬ್ಯಾಡ ಅನ್ನು.” ಅಷ್ಟಕ್ಕೆ ಲೈನು ಕಡಿದುಹೋಯಿತು.

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಅಪ್ಪ ಓಡಿಬಂದು ನನ್ನ ಕೈಯಿಂದ ಚೀಲ ಕಸಿದುಕೊಂಡ. ನಮ್ಮ ಮೈತುಂಬ ಇದ್ದ ಕೆಸರು ಅವನ ಕಣ್ಣಿಗೆ ಬೀಳಲೇ ಇಲ್ಲ. ನಮ್ಮ ಮಂದಿಯ ಪದ್ಧತಿಯಂತೆ ಕುಳ್ಳಿರಿಸಿದ್ದ ಅತ್ತೆಗೆ ಸೀರೆ ಹೊದಿಸಿದರು. ಮಣ್ಣು ಕೊಟ್ಟು ಎಲ್ಲರೂ ಹಿಂತಿರುಗಿದ ಮೇಲೆ ಬಸುವನ್ನು ಕೇಳಿದೆ, ಫೋನು ಎತ್ತಿದ ಅಕ್ಕ ಯಾರೆಂದು.

“ಯಾವ ಫೋನ್ ಬೇ? ಮಾಮಾ ಇದರಾಗ ನಿನ್ನ ಕೂಡ ಮಾತಾಡಿದ್ದೇ ಕಡೀದು. ಆಮ್ಯಾಲೆ ಟಾವರ್ ಬಂದ್ ಆಗೈತಿ. ಫೋನ್ ನನ್ನ ಕಿಸೆದಾಗೇ ಐತಿ ನೋಡು.”

ನೋಡಿದೆ. ನನ್ನ ಕರೆಯ ಸುಳಿವೇ ಅದರಲ್ಲಿರಲಿಲ್ಲ. ನನ್ನ ಫೋನಿನಲ್ಲಿ ಇತ್ತು, ಅವನ ಹೆಸರಿಗೇ, ಕಾಲುವೆ ಏರಿ ದಾಟಿ ಬರುವಷ್ಟು ಹೊತ್ತಿನ ಕರೆ. ಕಾಲುವೆ ಏರಿಗೆ ಗರಸು ಬಿದ್ದಿರುವುದೂ ಬಸುವಿಗೆ ಗೊತ್ತಿರಲಿಲ್ಲ.

ಈಗ ನಿಮ್ಮ ವಾದ ಹೇಳಿ. ನಾನೂ ಅದನ್ನೆಲ್ಲ ಮಾಡಿ ನೋಡಿದ್ದೇನೆ. ಕರೆ ಬೇರೆ ಯಾರಿಗೋ ಹೋಯಿತು ಎನ್ನುತ್ತೀರಾ? ಹಾಗಾದರೆ ಆ ಯಾರಿಗೋ ಟ್ರಾಲಿ ಹೇಗೆ ಕಂಡಿತು? ದಣಿದ ಕಿವಿಗೆ ಏನೇನೋ ಕೇಳಿಸಿತು ಎನ್ನುತ್ತೀರಾ? ನನ್ನ ಪ್ರತಿಯೊಂದು ಮಾತಿಗೂ ವಿರುದ್ಧ ನಿಲ್ಲುವ ಹಸೀನಾ ಇದೊಂದಕ್ಕೆ ವಿರುದ್ಧ ನಿಂತಿಲ್ಲ. ದನಿಯನ್ನು ಹೋಲಿಸಿ ನೋಡೋಣವೆಂದರೆ ರೆಕಾರ್ಡ್ ಆಗಿಲ್ಲ. ಅತ್ತೆಯ ದನಿ ನನಗೆ ನೆನಪೂ ಇಲ್ಲ. ಮನೆಯಲ್ಲಿದ್ದ ಹೆಂಗಸರನ್ನೆಲ್ಲ ಮಾತಾಡಿಸಿ ಬಂದೆ. ಅದು ಯಾರ ದನಿಯೂ ಅಲ್ಲ.

ಹಾಗೆಂದು ಎದುರು ಪಕ್ಷದವರು ಗೆದ್ದೆವೆಂದು ಕುಣಿಯಬೇಕಿಲ್ಲ. ಅತ್ತೆಯೇ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ವರ್ಷಗಟ್ಟಲೆ ಹಾಸಿಗೆ ಬಿಟ್ಟೇಳದವಳಿಗೆ ಹೊಸ ಗರಸು ಹೇಗೆ ಗೊತ್ತಾಯಿತು? ಸತ್ತ ಮೇಲೆ ಎಲ್ಲವೂ ಗೊತ್ತಾಗುತ್ತದೆ ಎನ್ನುವುದು ಉತ್ತರವಲ್ಲ, ಪ್ರಶ್ನೆಯಿಂದ ಓಡಿಹೋಗುವುದು. ಅಣ್ಣ ಎಂಬ ಮಾತಿಗೂ ಬಲವಿಲ್ಲ. ಆ ಊರಿನಲ್ಲಿ ಅಪ್ಪನನ್ನು ಅಣ್ಣ ಎನ್ನುವವರು ಬೇಕಾದಷ್ಟು ಜನ ಇದ್ದಾರೆ.

ಆದರೂ ‘ಅಳಬ್ಯಾಡ’ ಎಂಬ ಆ ಮಾತನ್ನು ನಾನು ಅಪ್ಪನಿಗೆ ಇನ್ನೂ ಮುಟ್ಟಿಸಿಲ್ಲ. ಅಂದು ರಾತ್ರಿ ಅವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಗ ಬಾಯಿತನಕ ಬಂದಿತ್ತು, ನುಂಗಿಕೊಂಡೆ. ಹೇಳಿದರೆ, ಯಾರು ಹೇಳಿದರು ಎಂದು ಕೇಳುತ್ತಾನೆ. ಗೊತ್ತಿಲ್ಲ ಎಂದರೆ ತನಗೆ ಬೇಕಾದ ಹೆಸರನ್ನು ತಾನೇ ಇಟ್ಟುಕೊಳ್ಳುತ್ತಾನೆ, ಆ ಹೆಸರನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇಲ್ಲ. ಉತ್ತರ ಹುಡುಕುವುದನ್ನು ನಾನು ಬಿಟ್ಟಿಲ್ಲ, ಬಿಡುವವಳೂ ಅಲ್ಲ. ಅಲ್ಲಿಯವರೆಗೆ ಆ ಮಾತು ನನ್ನ ಹತ್ತಿರವೇ ಇರುತ್ತದೆ, ಇನ್ನೊಬ್ಬರು ಮುಟ್ಟಿಸೆಂದು ಕೊಟ್ಟ ಗಂಟಿನ ಹಾಗೆ.