ಬಾವಿಯ ಮುಂದಿನ ಜಂಬು

ಎಪ್ಪತ್ತರ ದಶಕದ ಕೊನೆಯ ಮಾತು. ಬಾವಿಗೂ ಪೆನ್ನಾ ಹೊಳೆಗೂ ನಡುವೆ ಇಪ್ಪತ್ತು ಹೆಜ್ಜೆ ಎಂದು ನನ್ನ ದಿನಚರಿಯಲ್ಲಿದೆ. ಮನಸ್ಸಿನಲ್ಲಿ ಅದು ಹೊಲದಷ್ಟು ಅಗಲ. ಯಾವುದನ್ನು ನಂಬಬೇಕೋ ತಿಳಿಯದು.

ಹಿಂದೂಪುರದ ಹೊರಗೆ, ಹೊಳೆದಡದಲ್ಲಿ ದೊಡ್ಡಪ್ಪನ ಮನೆ. ಎರಡು ಮಗ್ಗ, ನೂಲಿಗೆ ಬಣ್ಣ ಹಾಕಲು ಆ ಸಿಹಿನೀರಿನ ಬಾವಿ. ಮಗ್ಗಕ್ಕೆ ಏರಿಸುವ ಮುಂಚೆ ನೂಲನ್ನು ದಡದುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ನೀರಂಚಿನಲ್ಲಿ ಆಳೆತ್ತರದ ಜಂಬು ಹುಲ್ಲು. ಬೇಸಿಗೆಯಲ್ಲಿ ಅದರ ತೆನೆ ಒಡೆದು, ಹತ್ತಿಯಂಥ ನವಿರು ಹಾರಿ ಹಸಿ ಗಂಜಿಗೆ ಮೆತ್ತಿಕೊಳ್ಳುತ್ತಿತ್ತು. ಒಣಗಿದ ಮೇಲೆ ಕಿತ್ತರೆ ಎಳೆಯೇ ತುಂಡು.

ಬಿ.ಎಸ್ಸಿ. ಎರಡನೇ ವರ್ಷದ ರಜೆಗೆ ಹೋಗಿದ್ದೆ. ನೂಲಿನಿಂದ ನವಿರು ಬಿಡಿಸುತ್ತ ದೊಡ್ಡಪ್ಪ, "ಗಿಡದ ಓದು ಓದ್ತೀಯಲ್ಲಮ್ಮ, ಈ ದರಿದ್ರಕ್ಕೊಂದು ಮದ್ದು ಹೇಳು," ಎಂದರು.

"ಅದು ಓದೋದು ಬರೀ ಹೆಸರು ಕಣ್ರೀ. ಪೊರಕೆ ಕೊಟ್ರೆ ಯಾವ ಕಡೆ ಹಿಡೀಬೇಕು ಅಂತ ಕೇಳ್ತದೆ," ಎಂದರು ದೊಡ್ಡಮ್ಮ.

ಆ ಮಾತಿಗೆ ರೇಗಿ ನಾನು, "ಕೊಯ್ದ್ರೆ ಮತ್ತೆ ಚಿಗುರ್ತದೆ ದೊಡ್ಡಪ್ಪ. ಗಡ್ಡೆ ಸಮೇತ ಅಗೆದು ತೆಗೀಬೇಕು," ಎಂದೆ. ಎಂದೆನೆಂದು ನನ್ನ ನೆನಪು. ದಿನಚರಿಯಲ್ಲಿ ಆ ವಾರದ ಪುಟ ಖಾಲಿ.

ದೊಡ್ಡಪ್ಪ ನಾಲ್ಕು ದಿನ ಅಗೆದರು. ದಡ ಗುಡಿಸಿದ ಅಂಗಳದ ಹಾಗಾಯಿತು.

ಆ ಮಳೆಗಾಲ ಹೊಳೆ ಉಕ್ಕಿ ಬಂದಾಗ ನಾನು ಹಾಸ್ಟೆಲಿನಲ್ಲಿದ್ದೆ. ಹಿಂದಿನ ಮಳೆಗಾಲಗಳಲ್ಲಿ ಜಂಬಿನೊಳಗೆ ನುಗ್ಗಿದ ನೀರು ವೇಗ ಕಳೆದುಕೊಂಡು, ತಂದ ಮಣ್ಣನ್ನು ಅಲ್ಲೇ ಇಳಿಸಿ ಹೋಗುತ್ತಿತ್ತು. ಬೇರು ಅದನ್ನು ಹಿಡಿಯುತ್ತಿತ್ತು; ಅದರ ಮೇಲೆ ಹುಲ್ಲು, ಆಮೇಲೆ ಲಕ್ಕಿ ಗಿಡ. ಬಾವಿ ನಿಂತಿದ್ದ ದಡವೂ ಬಹುಶಃ ಹಾಗೇ ಬೆಳೆದದ್ದು. ಇದನ್ನೆಲ್ಲ ನಾನು ಓದಿದ್ದು ಎಂ.ಎಸ್ಸಿ.ಗೆ ಸೇರಿದ ಮೇಲೆ. ಆ ವರ್ಷ ನೀರು ದಡದ ಬುಡವನ್ನೇ ಕೊರೆಯಿತು. ಮೂರನೇ ದಿನ ಬಾವಿಯ ಕಲ್ಲುಗೋಡೆ ಹೊಳೆಗೆ ಜಾರಿತು.

ಬಣ್ಣದ ಕೆಲಸ ನಿಂತಿತು. ದೊಡ್ಡಪ್ಪ ಕಲ್ಯಾಣದುರ್ಗಕ್ಕೆ ಹೋಗಿ ಇನ್ನೊಬ್ಬರ ಮಗ್ಗದಲ್ಲಿ ಕೂತರು, ಅಲ್ಲೇ ತೀರಿಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಕ್ಷಮೆಯೋ, ಅಥವಾ ನಾನು ಹಾಗೆ ಹೇಳಿರಲೇ ಇಲ್ಲವೋ.

ತೊಂಬತ್ತರ ದಶಕದಲ್ಲಿ ಅಲ್ಲಿಗೆ ಹೋದಾಗ ದೊಡ್ಡಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕೇಳಿದೆ. ಅವರು ಒಂದು ಬೀಜ ತೆಗೆದು ಪಕ್ಕಕ್ಕಿಟ್ಟರು, ಇನ್ನೊಂದು ತೆಗೆದರು. "ಉಣ್ಣೋಕೆ ಏಳು, ಬಸ್ಸು ಹೋಗ್ಬುಡ್ತದೆ," ಎಂದರು. ನಾನು ಕೇಳಿದ್ದು ಇಷ್ಟೇ:

"ದೊಡ್ಡಮ್ಮ, ಜಂಬು ಬುಡಸಮೇತ ತೆಗೀರಿ ಅಂದಿದ್ದು ನಾನೇನಾ?"